ಮೂತ್ರನಾಳದ ಎಕ್ಸ್‌ರೇ: ಎರಡು ಸಲ ತೆಗೆಸಿಕೊಂಡವನ ಅನುಭವ

ಹೋದ ಮಂಗಳವಾರ ನನ್ನ ಕಿಬ್ಬೊಟ್ಟೆಯಲ್ಲಿದ್ದ ಮೂತ್ರದ ಪೈಪ್ ತೆಗೆದರು. ಆರು ತಿಂಗಳು ಎಂಟು ದಿನ ಅದು ನನ್ನೊಂದಿಗಿತ್ತು. ಇಷ್ಟು ದಿನಗಳಲ್ಲಿ ನನಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅಪಘಾತವೂ ಅಲ್ಲ, ಶಸ್ತ್ರಚಿಕಿತ್ಸೆಯೂ ಅಲ್ಲ. ನಡುವೆ ತೆಗೆಸಿದ ಒಂದು ಎಕ್ಸ್‌ರೇ ಮತ್ತು ಅದರ ವರದಿಯಲ್ಲಿದ್ದ ಒಂದು ಅಂಕಿ. ಆ ಅಂಕಿ ತಪ್ಪಾಗಿತ್ತು. ಈ ಪರೀಕ್ಷೆಯ ಬಗ್ಗೆ ಕನ್ನಡದಲ್ಲಿ ಹೇಳುವವರು ನನಗೆ ಯಾರೂ ಸಿಗಲಿಲ್ಲ. ಗಂಡಸರು ಇದನ್ನು ಅಣ್ಣತಮ್ಮಂದಿರ ಹತ್ತಿರವೂ ಬಾಯಿಬಿಡುವುದಿಲ್ಲ. ಅದಕ್ಕಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ಅರಸೀಕೆರೆ ತಾಲ್ಲೂಕಿನ ಹಳ್ಳಿ. ಸಂಕ್ರಾಂತಿ ಕಳೆದ ಮರುವಾರ, ಸಂಜೆ ಬೈಕಿನಲ್ಲಿ ಮನೆಗೆ ಹೋಗುವಾಗ ತೋಟದ ದಾರಿಯಿಂದ ಟ್ರ್ಯಾಕ್ಟರ್ ಒಂದು ಏಕಾಏಕಿ ರಸ್ತೆಗೆ ಬಂತು. ಸೊಂಟದ ಮೂಳೆ ಎರಡು ಕಡೆ ಮುರಿಯಿತು. 108 ಆಂಬುಲೆನ್ಸ್‌ನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಹೊಟ್ಟೆ ಉಬ್ಬುತ್ತಿತ್ತು, ಮೂತ್ರಕ್ಕೆ ಅವಸರವಾಗುತ್ತಿತ್ತು, ಹನಿಯೂ ಬರುತ್ತಿರಲಿಲ್ಲ. ಬಂದದ್ದು ತುದಿಯಲ್ಲಿ ಒಂದು ಹನಿ ರಕ್ತ ಮಾತ್ರ.

ಅಂದು ಪಾಳಿಯಲ್ಲಿದ್ದ ವೈದ್ಯರನ್ನು ನಾನು ಬದುಕಿರುವವರೆಗೂ ಮರೆಯುವುದಿಲ್ಲ. ಸಿಸ್ಟರ್ ಕ್ಯಾಥೆಟರ್, ಅಂದರೆ ಮೂತ್ರದ ದಾರಿಗೆ ಹಾಕುವ ಪೈಪ್, ತಂದು ಇಟ್ಟಿದ್ದರು. ಆ ರಕ್ತದ ಹನಿಯನ್ನು ಕಂಡ ವೈದ್ಯರು “ಬೇಡ, ಕೆಳಗಿನಿಂದ ಏನನ್ನೂ ಹಾಕಬೇಡಿ, ಹಾಸನಕ್ಕೆ ಕಳುಹಿಸಿ” ಎಂದರು. ಸೊಂಟದ ಮೂಳೆ ಮುರಿದು, ಮೂತ್ರದ ದಾರಿಯಲ್ಲಿ ರಕ್ತ ಕಂಡರೆ ನಾಳ ಹರಿದಿರಬಹುದು. ಕಣ್ಣಿಗೆ ಕಾಣದ ಜಾಗಕ್ಕೆ ಪೈಪ್ ತೂರಿಸಿದರೆ ಅರ್ಧ ಹರಿದದ್ದು ಪೂರ್ತಿ ಹರಿಯಬಹುದು. ಇದು ನನಗೆ ಆಮೇಲೆ ತಿಳಿಯಿತು. ಹಾಸನದಲ್ಲಿ ಆ ರಾತ್ರಿಯೇ ಕಿಬ್ಬೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಮೂತ್ರಕೋಶಕ್ಕೆ ನೇರವಾಗಿ ಪೈಪ್ ಇಳಿಸಿದರು. ಎಸ್‌ಪಿಸಿ ಎನ್ನುತ್ತಾರೆ. ಚೀಲ ತುಂಬುತ್ತಿದ್ದ ಹಾಗೆ ಹೊಟ್ಟೆ ಇಳಿದು, ನನಗೆ ಅಳು ಬಂದುಬಿಟ್ಟಿತು.

ಮೂಳೆ ಕೂಡುವ ತನಕ ಮಲಗಿದ್ದೆ. ನಾಳದ ಮಾತೆತ್ತಿದಾಗಲೆಲ್ಲ “ಮೂರು ತಿಂಗಳು ಕಾಯಬೇಕು” ಎಂಬ ಒಂದೇ ಉತ್ತರ. ನಿರ್ಲಕ್ಷ್ಯ ಮಾಡುತ್ತಿದ್ದಾರೆ ಎಂದು ಮಾವ ಸಿಟ್ಟಾಗಿದ್ದರು. ಅದು ನಿರ್ಲಕ್ಷ್ಯವಾಗಿರಲಿಲ್ಲ. ಒಳಗೆ ಹೆಪ್ಪುಗಟ್ಟಿದ ರಕ್ತ ಕರಗಬೇಕು, ಜಾಗ ತಪ್ಪಿದ ಅಂಗಗಳು ಕೆಳಗಿಳಿದು ನೆಲೆಗೊಳ್ಳಬೇಕು, ಗಾಯದ ಕಲೆ ಗಟ್ಟಿಯಾಗಬೇಕು. ಅದಕ್ಕೂ ಮೊದಲು ತೆಗೆದ ಚಿತ್ರ ನಂಬಲು ಬರುವುದಿಲ್ಲ, ಮಾಡಿದ ಹೊಲಿಗೆ ನಿಲ್ಲುವುದಿಲ್ಲ.

ಆ ಮೂರು ತಿಂಗಳು ಪೈಪಿನ ಜೊತೆ ಬಾಳುವವರಿಗೆ ಎರಡು ಮಾತು. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ನೀರು ಚೆನ್ನಾಗಿ ಕುಡಿಯಿರಿ. ನಾನು ರಾತ್ರಿ ಏಳಬೇಕಾಗುತ್ತದೆಂದು ನೀರು ಕಡಿಮೆ ಮಾಡಿದೆ, ಪೈಪಿನೊಳಗೆ ಸುಣ್ಣದಂತಹ ಕೆಸರು ಕಟ್ಟಿಕೊಂಡು ಒಂದು ಭಾನುವಾರ ಮಧ್ಯರಾತ್ರಿ ಮೂತ್ರ ನಿಂತೇ ಹೋಯಿತು. ಬಾಡಿಗೆ ಕಾರಿಗೆ 1,800 ರೂಪಾಯಿ ಕೊಟ್ಟು ಹಾಸನಕ್ಕೆ ಓಡಿದೆವು. ಪೈಪ್ ಬದಲಿಸುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ನನಗೆ ನಾಲ್ಕು ವಾರಕ್ಕೊಮ್ಮೆ ಬದಲಿಸುತ್ತಿದ್ದರು.

ಏಪ್ರಿಲ್ ಕೊನೆಗೆ ವೈದ್ಯರು ಚೀಟಿಯಲ್ಲಿ “ಆರ್‌ಜಿಯು ಮತ್ತು ಎಂಸಿಯು” ಎಂದು ಬರೆದುಕೊಟ್ಟರು. ಎರಡೂ ಎಕ್ಸ್‌ರೇ ಪರೀಕ್ಷೆಗಳೇ. ಮೊದಲನೆಯದರಲ್ಲಿ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಅಯೋಡಿನ್ ಇರುವ ದ್ರಾವಣವನ್ನು ಶಿಶ್ನದ ತುದಿಯಿಂದ ಒಳಕ್ಕೆ ಬಿಡುತ್ತಾರೆ. ಅದು ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೋ ಅದು ಕೆಳಗಿನ ದಾರಿಯ ಕೊನೆ. ಎರಡನೆಯದರಲ್ಲಿ ಅದೇ ದ್ರಾವಣವನ್ನು ಹೊಟ್ಟೆಯ ಪೈಪಿನಿಂದ ಮೂತ್ರಕೋಶಕ್ಕೆ ತುಂಬಿ, ಮೂತ್ರ ಮಾಡಲು ಹೇಳುತ್ತಾರೆ. ಅದು ಎಲ್ಲಿಯವರೆಗೆ ಇಳಿದು ನಿಲ್ಲುತ್ತದೋ ಅದು ಮೇಲಿನ ದಾರಿಯ ಕೊನೆ. ಕೆರೆಯ ತೂಬಿನಿಂದ ಒಬ್ಬ, ಗದ್ದೆಯ ಕಡೆಯಿಂದ ಒಬ್ಬ ಕಾಲುವೆಯಲ್ಲಿ ನಡೆದು ಬಂದು, ಮಣ್ಣು ಕುಸಿದ ಜಾಗದ ಎರಡು ದಡದಲ್ಲಿ ನಿಂತ ಹಾಗೆ. ಇಬ್ಬರ ನಡುವೆ ಉಳಿದ ಅಂತರವೇ ವೈದ್ಯರಿಗೆ ಬೇಕಾದದ್ದು.

ಗಂಡಸಿನ ಮೂತ್ರನಾಳ ಸುಮಾರು 18ರಿಂದ 20 ಸೆಂಟಿಮೀಟರ್, ಗೇಣಿಗಿಂತ ತುಸು ಕಡಿಮೆ. ಅದರಲ್ಲಿ ಒಂದೊಂದು ಸೆಂಟಿಮೀಟರೂ ಲೆಕ್ಕಕ್ಕೆ ಬರುತ್ತದೆ.

ಇಷ್ಟು ವಿವರ ಅಂದು ನನಗೆ ಯಾರೂ ಹೇಳಿರಲಿಲ್ಲ. “ಒಂದು ಎಕ್ಸ್‌ರೇ ತೆಗೆಸಿಕೊಂಡು ಬನ್ನಿ” ಎಂದಷ್ಟೇ ಹೇಳಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಬಿಟ್ಟು ಸರದಿ ಕೊಟ್ಟಾಗ ತಾಳ್ಮೆ ಸಾಲದೆ, ಪಟ್ಟಣದ ಒಂದು ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದೆ. 2,800 ರೂಪಾಯಿ ಕಟ್ಟಿಸಿಕೊಂಡರು. ಮೂತ್ರದಲ್ಲಿ ರೋಗಾಣು ಇದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿದ್ದೀರಾ, ಅಲರ್ಜಿ ಇದೆಯೇ, ಅಸ್ತಮಾ ಇದೆಯೇ ಎಂದು ಯಾರೂ ಕೇಳಲಿಲ್ಲ. ಬಾಗಿಲು ಅರೆ ತೆರೆದಿತ್ತು, ಹೊರಗೆ ಬೆಂಚಿನ ಮೇಲೆ ಹೆಂಗಸರು ಕುಳಿತಿದ್ದರು. ಪ್ಯಾಂಟ್ ತೆಗೆದು ಮೇಜಿನ ಮೇಲೆ ಅಂಗಾತ ಮಲಗಿಸಿದರು. ಹೊದೆಯಲು ಬಟ್ಟೆ ಇರಲಿಲ್ಲ. ತಂತ್ರಜ್ಞನೊಬ್ಬ ಸಿರಿಂಜ್ ಹಿಡಿದು ಜೋರಾಗಿ ಒತ್ತಿದ. ಒಳಗೆ ಕಾದ ತಂತಿ ಎಳೆದ ಹಾಗಾಯಿತು. ನಾನು ಕೂಗಿದೆ. “ಆಯಿತು ಆಯಿತು” ಎನ್ನುತ್ತ ಚಿತ್ರ ತೆಗೆದ. ಬಳಿಕ ಹೊಟ್ಟೆಯ ಪೈಪಿನಿಂದ ದ್ರಾವಣ ತುಂಬಿ “ಮೂತ್ರ ಮಾಡಿ” ಎಂದ. ಮಲಗಿದಲ್ಲೇ, ಅಷ್ಟು ಜನರ ನಡುವೆ, ಆ ಉರಿಯಲ್ಲಿ ನನ್ನಿಂದ ಆಗಲಿಲ್ಲ. ಎರಡು ನಿಮಿಷ ನೋಡಿ ಅದನ್ನೇ ಒಂದು ಚಿತ್ರ ತೆಗೆದು ಎಬ್ಬಿಸಿ ಕಳುಹಿಸಿದ.

ಸಂಜೆ ವರದಿ ಬಂತು. ಮೇಲಿನ ಮತ್ತು ಕೆಳಗಿನ ದಾರಿಯ ನಡುವೆ 5.5 ಸೆಂಟಿಮೀಟರ್ ಪೂರ್ತಿ ಮುಚ್ಚಿಹೋಗಿದೆ ಎಂದಿತ್ತು. ಅಂದು ರಾತ್ರಿ ನಡುಕದ ಚಳಿಜ್ವರ ಬಂತು. ಹೊಟ್ಟೆಗೆ ಪೈಪ್ ಇರುವವರ ಮೂತ್ರದಲ್ಲಿ ಸಾಮಾನ್ಯವಾಗಿ ರೋಗಾಣು ಇದ್ದೇ ಇರುತ್ತದೆ. ಒತ್ತಡದಿಂದ ದ್ರಾವಣ ಬಿಟ್ಟರೆ ಆ ರೋಗಾಣು ರಕ್ತಕ್ಕೇ ಸೇರಬಹುದು. ನಾಲ್ಕು ದಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ತೆಗೆದುಕೊಂಡೆ. ಆ ನಾಲ್ಕು ದಿನವೂ ನನ್ನ ತಲೆಯಲ್ಲಿ 5.5 ಎಂಬ ಅಂಕಿಯೇ ಸುತ್ತುತ್ತಿತ್ತು. ಅಷ್ಟು ಉದ್ದ ಹೋಗಿದ್ದರೆ ಮೂಳೆಯನ್ನೂ ಸ್ವಲ್ಪ ಕೆತ್ತಬೇಕಾಗಬಹುದು, ಆದರೂ ಖಾತರಿ ಇಲ್ಲ ಎಂದು ಯಾರೋ ಹೇಳಿದ್ದರು. ನನಗೆ ಮೂವತ್ತನಾಲ್ಕು ವರ್ಷ. ಮಗಳು ಎರಡನೇ ತರಗತಿ. ಹೆಂಡತಿ ರಾತ್ರಿಯೆಲ್ಲ ಎದ್ದು ಕುಳಿತಿರುತ್ತಿದ್ದಳು, ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ.

ಮೇ ತಿಂಗಳ ನಡುವೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೊರಟೆವು. ಅರಸೀಕೆರೆಯಿಂದ ರೈಲು. ಬಸ್ಸಿಗಿಂತ ಅದೇ ಮೇಲು, ಚೀಲ ಖಾಲಿ ಮಾಡಲು ಶೌಚಾಲಯವಿರುತ್ತದೆ, ಎದ್ದು ಓಡಾಡಬಹುದು. ಯಶವಂತಪುರದಲ್ಲಿ ಇಳಿದೆವು. ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಪತ್ರ ಮಾಡಿಸಿಕೊಂಡೇ ಹೋಗಿದ್ದೆವು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಅಲ್ಲದ ಇಂತಹ ಶಸ್ತ್ರಚಿಕಿತ್ಸೆಗೆ ಆ ಪತ್ರ ಮುಖ್ಯ. ಆದರೂ ಒಂದು ತೊಡಕು ಎದುರಾಯಿತು. ಆಧಾರ್‌ನಲ್ಲಿ ನನ್ನ ಹೆಸರಿನ ಮುಂದೆ ಊರಿನ ಅಕ್ಷರವಿದೆ, ಪಡಿತರ ಚೀಟಿಯಲ್ಲಿ ಇಲ್ಲ. ಅದೊಂದಕ್ಕೆ ಊರಿಗೆ ಹಿಂದಿರುಗಿ ತಿದ್ದುಪಡಿ ಮಾಡಿಸಿ ಬರಲು ಒಂಬತ್ತು ದಿನ ಹೋಯಿತು. ಹೊರಡುವ ಮೊದಲೇ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಅಪಘಾತದ ಪ್ರಕರಣವಾದ್ದರಿಂದ ಬೇರೊಂದು ಕಡತವೂ ಬೆಳೆಯುತ್ತಿತ್ತು. ಎಫ್‌ಐಆರ್ ಪ್ರತಿ, ಎಂಎಲ್‌ಸಿ (ಪೊಲೀಸ್ ಪ್ರಕರಣವೆಂದು ಆಸ್ಪತ್ರೆ ಬರೆದುಕೊಳ್ಳುವ) ನಮೂದು, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಎಲ್ಲ ಬಿಲ್ಲು. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಿಬಿಡಬೇಕೆಂದು ವಕೀಲರು ಎಚ್ಚರಿಸಿದ್ದರು. ವೈದ್ಯರಿಗೆ ಮೂಲ ಫಿಲಂ ಬೇಕು, ವಕೀಲರಿಗೂ ಮೂಲವೇ ಬೇಕು. ಹಾಗಾಗಿ ಪ್ರತಿ ಸಲ ಸಿಡಿ ಕೇಳಿ ಪಡೆಯಿರಿ, ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊಬೈಲ್‌ನಲ್ಲಿ ಚಿತ್ರ ತೆಗೆದಿಡಿ.

ಬೆಂಗಳೂರಿನ ವೈದ್ಯರು ನನ್ನ ಫಿಲಂ ಅನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಹತ್ತು ಸೆಕೆಂಡ್ ನೋಡಿರಬಹುದು. “ಇದರಿಂದ ನಾನು ಏನನ್ನೂ ಹೇಳಲಾರೆ” ಎಂದರು. ನನ್ನ ಎದೆ ಒಡೆದುಹೋಯಿತು. ನಾನು ವರದಿ ಮುಂದಿಟ್ಟೆ. ಅವರು ಓದಲೇ ಇಲ್ಲ. ಪಕ್ಕದಲ್ಲಿದ್ದ ಪಿಜಿ (ಸ್ನಾತಕೋತ್ತರ ಓದುತ್ತಿರುವ) ವೈದ್ಯೆಯೊಬ್ಬರು ನಮ್ಮನ್ನು ಕಾರಿಡಾರಿಗೆ ಕರೆದುಕೊಂಡು ಹೋಗಿ ಅದೇ ಫಿಲಂ ಅನ್ನು ಕಿಟಕಿಗೆ ಹಿಡಿದು ವಿವರಿಸಿದರು. ಆ ಐದು ನಿಮಿಷದಲ್ಲಿ ನಾನು ಕಲಿತದ್ದೇ ಈ ಬರಹದ ಸಾರ.

“ಇಲ್ಲಿ ನೋಡಿ, ಸೊಂಟದ ಮೂಳೆಯಲ್ಲಿ ಎರಡು ದೊಡ್ಡ ಕಿಂಡಿಗಳಿವೆ, ಎರಡೂ ತೆರೆದು ಕಾಣುತ್ತಿವೆ” ಎಂದರು. “ಅಂದರೆ ನಿಮ್ಮನ್ನು ಅಂಗಾತ ಮಲಗಿಸಿ ನೇರವಾಗಿ ತೆಗೆದಿದ್ದಾರೆ. ನಾಳ ಒಳಗೆ ಬಾಗುತ್ತದೆ. ಬಾಗಿದ್ದನ್ನು ಎದುರಿನಿಂದ ನೋಡಿದರೆ ಕುಗ್ಗಿ ಕಾಣುತ್ತದೆ. ಓರೆಯಾಗಿ ಮಲಗಿಸಿ ತೆಗೆಯಬೇಕು. ಆಗ ಒಂದು ಕಿಂಡಿ ಮುಚ್ಚಿಕೊಳ್ಳುತ್ತದೆ, ನಾಳ ಪೂರ್ತಿ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ.” ಮತ್ತೆ ಮೂತ್ರಕೋಶದ ಕಡೆ ಬೆರಳಿಟ್ಟು, “ನೀವು ಮೂತ್ರ ಮಾಡಲು ಆಗಲಿಲ್ಲ, ಅಲ್ಲವೇ? ಮೂತ್ರಕೋಶದ ಬಾಯಿ ತೆರೆದೇ ಇಲ್ಲ. ಬಾಯಿ ತೆರೆಯದಿದ್ದರೆ ಅದರ ಕೆಳಗಿನ ಮೂರು ನಾಲ್ಕು ಸೆಂಟಿಮೀಟರ್ ದಾರಿಗೆ ದ್ರಾವಣ ಇಳಿಯುವುದೇ ಇಲ್ಲ. ದಾರಿ ಚೆನ್ನಾಗಿದ್ದರೂ ಮುಚ್ಚಿದ ಹಾಗೆ ಕಾಣುತ್ತದೆ. ಇವರು ಅದನ್ನೂ ಸೇರಿಸಿ ಅಳೆದಿದ್ದಾರೆ” ಎಂದರು.

ಹೆಂಡತಿ ಕೇಳಿದಳು: “ಹಾಗಾದರೆ ಐದೂವರೆ ಇಲ್ಲವೇ ಮೇಡಂ?”

“ಇರಲೂಬಹುದು, ಇಲ್ಲದಿರಲೂಬಹುದು. ನಾವೇ ತೆಗೆದು ನೋಡೋಣ.”

ತಕ್ಷಣ ತೆಗೆಯಲಿಲ್ಲ. ಮೊದಲು ಮೂತ್ರದ ಕಲ್ಚರ್, ಅದರ ಫಲಿತಾಂಶಕ್ಕೆ ಮೂರು ದಿನ. ಬಂದ ರೋಗಾಣುವಿಗೆ ತಕ್ಕ ಮಾತ್ರೆ ಐದು ದಿನ. ಹಳೆಯ ಪೈಪ್ ತೆಗೆದು ಹೊಸದು ಹಾಕಿದರು. ಮೂತ್ರಪಿಂಡದ ಕೆಲಸ ತಿಳಿಯಲು ಕ್ರಿಯಾಟಿನಿನ್ ರಕ್ತಪರೀಕ್ಷೆ. ಅಯೋಡಿನ್ ಔಷಧದಿಂದ ಹಿಂದೆ ತೊಂದರೆಯಾಗಿದೆಯೇ, ಥೈರಾಯ್ಡ್ ಇದೆಯೇ ಎಂದು ಬರೆದುಕೊಂಡರು. ಈ ಪ್ರಶ್ನೆಗಳನ್ನು ನಿಮ್ಮನ್ನು ಯಾರೂ ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ. ಆ ದಿನಗಳಲ್ಲಿ ಆಸ್ಪತ್ರೆಯ ಬಳಿ ಒಂದು ಕೋಣೆ ಹಿಡಿದೆವು, ದಿನಕ್ಕೆ 450 ರೂಪಾಯಿ. ದಾಖಲಾಗುವ ಮೊದಲಿನ ಈ ಪರೀಕ್ಷೆ, ಮಾತ್ರೆ, ಊಟ, ವಸತಿ ಎಲ್ಲ ಕೈಯಿಂದಲೇ ಕೊಟ್ಟೆವು, ಸುಮಾರು 11,000 ರೂಪಾಯಿ ಆಯಿತು.

ಪರೀಕ್ಷೆಯ ದಿನ ಬೆಳಗಿನ ಎಂಟಕ್ಕೇ ಕರೆದರು. ಹೆಂಡತಿ ನನ್ನ ಹಳೆಯ ಲುಂಗಿಯೊಂದನ್ನು ಚೀಲದಲ್ಲಿ ಇಟ್ಟಿದ್ದಳು. ಇದು ಸಣ್ಣ ವಿಷಯವೆನಿಸಬಹುದು, ಆದರೆ ಆ ಲುಂಗಿ ನನಗೆ ಅರ್ಧ ಧೈರ್ಯ ಕೊಟ್ಟಿತು. ಬಾಗಿಲು ಮುಚ್ಚಿದರು. ಒಳಗೆ ಶಸ್ತ್ರಚಿಕಿತ್ಸೆ ಮಾಡಲಿರುವ ವೈದ್ಯರೇ ನಿಂತಿದ್ದರು, ಅವರ ಜೊತೆ ಪಿಜಿ ವೈದ್ಯೆ, ತಂತ್ರಜ್ಞರು. ಮಾಡುವ ಕೈಯೇ ಚಿತ್ರವನ್ನೂ ತೆಗೆದರೆ ಅನುಮಾನ ಉಳಿಯುವುದಿಲ್ಲ ಎಂದು ಅವರು ಹೇಳಿದರು.

ಬಲಮಗ್ಗುಲಿಗೆ ಅರ್ಧ ತಿರುಗಿಸಿ ಬೆನ್ನಿಗೆ ದಿಂಬು ಕೊಟ್ಟರು. ಕೆಳಗಿನ ಕಾಲು ಮಡಿಸಿ, ಮೇಲಿನ ಕಾಲು ನೀಡಿ. ಮುರಿದು ಕೂಡಿದ ಸೊಂಟಕ್ಕೆ ಆ ಭಂಗಿಯೇ ನೋವು, ಅದನ್ನು ಹೇಳಿದೆ, ದಿಂಬು ಸರಿಪಡಿಸಿದರು. ಮರಗಟ್ಟಿಸುವ ಜೆಲ್ಲಿ ಹಾಕಿ ಕೆಲವು ನಿಮಿಷ ಕಾದರು. ದ್ರಾವಣವನ್ನು ತುಂಬಾ ನಿಧಾನವಾಗಿ ಬಿಟ್ಟರು. ತಣ್ಣನೆಯ ನೀರು ಏರಿ ಒಂದು ಕಡೆ ತಡೆದು ನಿಂತ ಹಾಗೆ, ಬಿಗಿತ, ಸ್ವಲ್ಪ ಉರಿ. ಕೂಗುವ ನೋವು ಇರಲಿಲ್ಲ. ಅದೇ ಪರೀಕ್ಷೆ, ಅದೇ ಮೈ, ಎರಡು ಕೈಗಳ ನಡುವೆ ಇಷ್ಟು ವ್ಯತ್ಯಾಸ. ದ್ರಾವಣ ಬಿಡುತ್ತಿರುವಾಗಲೇ ಚಿತ್ರ ತೆಗೆಯಬೇಕಂತೆ, ನಿಲ್ಲಿಸಿದ ಮೇಲೆ ತೆಗೆದರೆ ನಾಳ ಕುಸಿದಿರುತ್ತದೆ.

ಕಷ್ಟದ ಭಾಗ ಆಮೇಲಿನದು. ಡ್ರಿಪ್ ಬಾಟಲಿಯಿಂದ ಹೊಟ್ಟೆಯ ಪೈಪಿಗೆ ದ್ರಾವಣ ಇಳಿಸಿದರು, ಹನಿ ಹನಿಯಾಗಿ. “ಅವಸರವಾದಾಗ ಹೇಳಿ, ತಡೆಯಲಾರದಷ್ಟು ಆದಾಗ ಮತ್ತೆ ಹೇಳಿ.” ನಾಲ್ಕು ತಿಂಗಳು ಸರಿಯಾಗಿ ತುಂಬದೆ ಇದ್ದ ಮೂತ್ರಕೋಶ. ನೂರೈವತ್ತು ಮಿಲಿಲೀಟರ್‌ಗೇ ಒದ್ದಾಡಿದೆ. ನಿಲ್ಲಿಸಿದರು, ಮತ್ತೆ ಬಿಟ್ಟರು. 320ಕ್ಕೆ ಬಂದಾಗ ಪೈಪ್ ಮುಚ್ಚಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. “ಈಗ ಮೂತ್ರ ಮಾಡಲು ನೋಡಿ.” ದಾರಿಯೇ ಇಲ್ಲವೆಂದು ತಿಳಿದಿರುವಾಗ ಮೂತ್ರ ಮಾಡುವುದು ಹೇಗೆ? ಮೈ ಬೆವರಿತು. ಐದು ನಿಮಿಷ, ಹತ್ತು ನಿಮಿಷ. ಬಾಯಿ ತೆರೆಯಲಿಲ್ಲ.

ವೈದ್ಯರು ಕೋಪಿಸಿಕೊಳ್ಳಲಿಲ್ಲ. ಎಲ್ಲರನ್ನೂ ಗಾಜಿನ ಹಿಂದಕ್ಕೆ ಕಳುಹಿಸಿ, ಮೂಲೆಯ ನಲ್ಲಿ ತಿರುಗಿಸಿ ನೀರು ಬೀಳುವಂತೆ ಬಿಟ್ಟು, “ಹೊರಗೆ ಬರಬೇಕಾಗಿಲ್ಲ. ಬಿಡಬೇಕು ಎಂದುಕೊಳ್ಳಿ, ಅಷ್ಟು ಸಾಕು. ತಿಣುಕಬೇಡಿ” ಎಂದು ತಾವೂ ಹೊರಗೆ ನಡೆದರು. ನಾನು ಕಣ್ಣು ಮುಚ್ಚಿ ನಮ್ಮ ತೋಟದ ಪಂಪ್‌ಸೆಟ್ಟಿನ ಬಳಿ ನಿಂತಿದ್ದೇನೆ ಎಂದುಕೊಂಡೆ. ಎಷ್ಟು ಹೊತ್ತಾಯಿತೋ, ಒಳಗೆ ಏನೋ ಸಡಿಲವಾಗಿ ಇಳಿದ ಹಾಗೆ, ಇಳಿದು ಬಾಗಿಲಿಗೆ ಬಡಿದು ನಿಂತ ಹಾಗೆ ಆಯಿತು. ಗಾಜಿನ ಹಿಂದಿನಿಂದ ಪಿಜಿ ವೈದ್ಯೆ “ತೆರೆಯಿತು, ತೆರೆಯಿತು, ಹಾಗೇ ಇರಿ” ಎಂದು ಕೂಗಿದರು. ಅದೇ ಕ್ಷಣ ಕೆಳಗಿನಿಂದಲೂ ದ್ರಾವಣ ಬಿಟ್ಟು, ಎರಡೂ ದಡ ಒಂದೇ ಚಿತ್ರದಲ್ಲಿ ಬರುವಂತೆ ತೆಗೆದರು. ಒಟ್ಟು ಐವತ್ತು ನಿಮಿಷ ಹಿಡಿಯಿತು. ಹಾಗೂ ತೆರೆಯದೆ ಹೋಗಿದ್ದರೆ ಹೊಟ್ಟೆಯ ತೂತಿನಿಂದ ಸಣ್ಣ ದುರ್ಬೀನು ಇಳಿಸಿ ಮೇಲಿನ ದಾರಿ ನೋಡುವ ಉಪಾಯವಿತ್ತಂತೆ. ಆದ್ದರಿಂದ ಆಗದಿದ್ದರೆ ಎಲ್ಲವೂ ಮುಗಿಯಿತೆಂದು ಎದೆಗುಂದಬೇಡಿ.

ಅಂತರ ಎರಡು ಸೆಂಟಿಮೀಟರ್. ವೈದ್ಯರು ತೋರಿಸಿದಾಗ ನಾನೇ ಬೆರಳಿಟ್ಟು ನೋಡಿದೆ, ಒಂದೂವರೆ ಬೆರಳಗಲ. ಹೊರಗೆ ಬಂದು ಹೆಂಡತಿಗೆ ಎರಡು ಬೆರಳು ಎತ್ತಿ ತೋರಿಸಿದೆ. ಅವಳು ಕಾರಿಡಾರಿನ ಗೋಡೆಗೆ ಒರಗಿ ಅತ್ತಳು.

ಎರಡು ದಿನ ಮೂತ್ರದಾರಿಯಲ್ಲಿ ಉರಿ, ಒಮ್ಮೆ ಎರಡು ಹನಿ ರಕ್ತ. ಅಷ್ಟು ಸಹಜವೆಂದು ಮೊದಲೇ ಹೇಳಿದ್ದರು. ಚಳಿಜ್ವರ ಬಂದರೆ ಮಾತ್ರ ಒಂದು ಗಂಟೆಯೂ ಕಾಯದೆ ಬರಬೇಕೆಂದಿದ್ದರು. ಬರಲಿಲ್ಲ.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳುತ್ತೇನೆ. ಇಂತಹ ಪೆಟ್ಟಿನ ಬಳಿಕ ಕೆಲವರಿಗೆ ಶಿಶ್ನದ ನಿಮಿರುವಿಕೆ ಕುಂದುತ್ತದೆ. ಅಲ್ಲಿನ ನರ ಮತ್ತು ರಕ್ತನಾಳಗಳು ಹರಿದ ಜಾಗದ ಪಕ್ಕದಲ್ಲೇ ಹಾದುಹೋಗುತ್ತವೆ. ವೈದ್ಯರು ಕೇಳಿದಾಗ ನಾನು ತಲೆ ತಗ್ಗಿಸಿ ಸುಮ್ಮನಿದ್ದೆ. ಹೆಂಡತಿಯೇ ಉತ್ತರ ಹೇಳಿದಳು. ಅದರಿಂದ ಒಂದು ಡಾಪ್ಲರ್ ಪರೀಕ್ಷೆ ಮಾಡಿ ರಕ್ತಸಂಚಾರ ನೋಡಿದರು, ಔಷಧ ಆರಂಭವಾಯಿತು. ಕೇಳಿದರೆ ಹೇಳಿ. ಕೇಳದಿದ್ದರೂ ಹೇಳಿ.

ಯೋಜನೆಯ ಒಪ್ಪಿಗೆ ಬರಲು ಆರು ದಿನ, ಆಪರೇಷನ್ ಸರದಿಗೆ ಎರಡು ವಾರ. ಜೂನ್ ಮೂರನೇ ವಾರ ಶಸ್ತ್ರಚಿಕಿತ್ಸೆ ಆಯಿತು. ವೃಷಣದ ಹಿಂದೆ ಕೊಯ್ದು, ಕಲೆಗಟ್ಟಿದ ಭಾಗ ತೆಗೆದು, ಎರಡು ಆರೋಗ್ಯವಾದ ತುದಿಗಳನ್ನು ಜೋಡಿಸಿ ಹೊಲಿದರು. ಮೂಳೆ ಕೆತ್ತುವ ಅಗತ್ಯ ಬೀಳಲಿಲ್ಲ. ಆಸ್ಪತ್ರೆಗೆ ನಾವು ಹಣ ಕಟ್ಟಲಿಲ್ಲ. ಮೂರು ವಾರ ಕೆಳಗೊಂದು ಪೈಪ್, ಮೇಲೊಂದು ಪೈಪ್. ಕುಳಿತುಕೊಳ್ಳುವುದೇ ಆ ದಿನಗಳ ದೊಡ್ಡ ಕಷ್ಟ.

ಮೂರು ವಾರದ ಬಳಿಕ ಮತ್ತೆ ಅದೇ ಕೋಣೆ, ಅದೇ ಲುಂಗಿ. ಈ ಸಲ ಕೆಳಗಿನ ಪೈಪಿನ ಪಕ್ಕದಿಂದ ದ್ರಾವಣ ಬಿಟ್ಟು, ಹೊಲಿಗೆ ಸೋರುತ್ತಿದೆಯೇ ಎಂದು ನೋಡಿದರು. ಸೋರಿದ್ದರೆ ಪೈಪ್ ಇನ್ನೂ ಕೆಲವು ವಾರ ಇರುತ್ತಿತ್ತು. ಬಿಳಿ ಗೆರೆ ಎಲ್ಲಿಯೂ ತುಂಡಾಗದೆ ಮೂತ್ರಕೋಶದವರೆಗೆ ಏರಿತು. ಕೆಳಗಿನ ಪೈಪ್ ತೆಗೆದು, ಮೇಲಿನದನ್ನು ಮುಚ್ಚಿ, ಒಂದು ವಾರ ಸಹಜವಾಗಿ ಮೂತ್ರ ಮಾಡಲು ಹೇಳಿದರು. ಮೊದಲ ಸಲ ಧಾರೆ ಬಿದ್ದಾಗ ಶೌಚಾಲಯದ ಬಾಗಿಲ ಹೊರಗೆ ಹೆಂಡತಿ ನಿಂತಿದ್ದಳು. ಸದ್ದು ಅವಳಿಗೂ ಕೇಳಿಸಿತ್ತು.

ಮಂಗಳವಾರ ಮೇಲಿನ ಪೈಪೂ ಹೋಯಿತು. ಮೂರು ತಿಂಗಳ ಬಳಿಕ ಮೂತ್ರದ ರಭಸ ಅಳೆಯುವ ಪರೀಕ್ಷೆಗೆ ಬರಬೇಕು. ಕಲೆ ಮತ್ತೆ ಕಟ್ಟಿಕೊಳ್ಳುವ ಸಾಧ್ಯತೆ ಇರುವುದರಿಂದ ಅದನ್ನು ತಪ್ಪಿಸುವ ಹಾಗಿಲ್ಲ.

ಚೀಟಿ ತೆಗೆದುಕೊಂಡು ಹೊರಡುವಾಗ ಕಾರಿಡಾರಿನ ಬೆಂಚಿನಲ್ಲಿ ರಾಯಚೂರು ಕಡೆಯ ಹುಡುಗನೊಬ್ಬ ಕುಳಿತಿದ್ದ, ಇಪ್ಪತ್ತು ದಾಟಿರಲಿಕ್ಕಿಲ್ಲ. ತೊಡೆಗೆ ಕಟ್ಟಿದ ಚೀಲ, ಕೈಯಲ್ಲಿ ಕಂದು ಲಕೋಟೆ, ಪಕ್ಕದಲ್ಲಿ ತಂದೆ. “ಆರು ಸೆಂಟಿಮೀಟರ್ ಎಂದು ಬರೆದಿದ್ದಾರೆ ಅಣ್ಣಾ” ಎಂದ. ಲಕೋಟೆ ಬಿಚ್ಚಿಸಿ ಫಿಲಂ ಅನ್ನು ಕಿಟಕಿಗೆ ಹಿಡಿದೆ. ಸೊಂಟದ ಮೂಳೆಯ ಎರಡೂ ಕಿಂಡಿಗಳು ಅಗಲವಾಗಿ ತೆರೆದು ಕಾಣುತ್ತಿದ್ದವು.

“ಮೂತ್ರ ಮಾಡಲು ಆಯಿತೇನಪ್ಪಾ ಅಂದು?” ಎಂದು ಕೇಳಿದೆ.

ಅವನು ತಂದೆಯ ಕಡೆ ನೋಡಿ, ತಲೆಯಾಡಿಸಿ ಇಲ್ಲ ಎಂದ. ಪಿಜಿ ವೈದ್ಯೆ ಯಾವ ಕೊಠಡಿಯಲ್ಲಿ ಕೂರುತ್ತಾರೆಂದು ಆ ತಂದೆಗೆ ತೋರಿಸಿ, ರೈಲಿಗೆ ಹೊರಟೆವು.